ಮೊದಲು ನೆಲ ನೋಡು ಮರಿ, ಆಮೇಲೆ ಅಂಗಡಿ

ಮೊನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ನೀನು ತೋರಿಸಿದ ಪಟ್ಟಿ ಇನ್ನೂ ನನ್ನ ಕಣ್ಣ ಮುಂದೆ ಇದೆ. ಹನ್ನೊಂದು ಸಾಮಾನು. ಅಲ್ಯುಮಿನಿಯಂ ತೋಳುಗಳು, ಕಾರ್ಬನ್ ಫೈಬರ್ ಪಟ್ಟಿ, ಟೈಟಾನಿಯಂ ಸ್ಕ್ರೂ, ನೀಲಿ ಬಣ್ಣದ ಚಕ್ರದ ನಟ್ಟು, ದಪ್ಪ ಅಕ್ಷರದಲ್ಲಿ ಏನೇನೋ ಬಿರುದು ಬರೆಸಿಕೊಂಡ ಮೋಟಾರು. ಎಲ್ಲ ಕೂಡಿಸಿದರೆ ನಿನ್ನ ಚಿಕ್ಕಪ್ಪ ಸಿಂಗಪುರದಿಂದ ತಂದುಕೊಟ್ಟ ರಿಮೋಟ್ ಕಾರಿನ ಬೆಲೆಯನ್ನೇ ದಾಟುತ್ತದೆ. ‘ತಾತ, ಇದರಲ್ಲಿ ಮೊದಲು ಯಾವುದು ತರಿಸಲಿ?’ ಅಂದೆ. ಅಷ್ಟರಲ್ಲಿ ನಿಮ್ಮಮ್ಮ ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಬಾಯಲ್ಲಿ ಹೇಳಲು ಕೂತರೆ ನಾನು ಜಾವಾ ಬೈಕಿನ ಕಥೆಗೆ ಹೋಗಿಬಿಡುತ್ತೇನೆ, ನೀನು ಆಕಳಿಸುತ್ತೀಯ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಜಾವಾ ಹೇಗೂ ನಡುವೆ ಬರುತ್ತದೆ, ಸಹಿಸಿಕೋ.

ಆ ಪಟ್ಟಿಯಲ್ಲಿ ಮೊದಲು ತರಿಸಬೇಕಾದ್ದು ಒಂದೂ ಇಲ್ಲ. ಟೈರು ಬೇಕು, ಅದೇ ಬರೆದಿಲ್ಲ. ಬೇರಿಂಗು ಬೇಕು, ಅದೂ ಇಲ್ಲ. ಯಾಕೆ ಇಲ್ಲ ಅಂದರೆ ಟೈರು ಕಪ್ಪಗಿರುತ್ತದೆ, ಬೇರಿಂಗು ಒಳಗಿರುತ್ತದೆ. ಫೋಟೋದಲ್ಲಿ ಮಿನುಗುವುದು ನೀಲಿ ನಟ್ಟು.

ದಸರಾ ರಜೆಯ ಪಂದ್ಯ ನಡೆಯುವುದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಅಂದೆಯಲ್ಲ, ಅಲ್ಲಿನ ನೆಲ ಏನು ಅಂತ ನೋಡಿದ್ದೀಯಾ? ಗ್ರಾನೈಟೋ, ಮೊಸಾಯಿಕ್ಕೋ, ಹೊಳಪಿನ ಟೈಲ್ಸೋ? ಅದರ ಮೇಲೆ ಜಮಖಾನ ಹಾಸುತ್ತಾರೋ, ಫೋಮ್ ಹಾಳೆ ಜೋಡಿಸುತ್ತಾರೋ, ಬರಿ ನೆಲದ ಮೇಲೆ ತೋಟಕ್ಕೆ ನೀರು ಬಿಡುವ ಪೈಪು ಬಳಸಿ ದಾರಿ ಮಾಡುತ್ತಾರೋ? ಇದಿಷ್ಟು ತಿಳಿಯದೆ ಸಾಮಾನು ಕೊಳ್ಳುವುದು ಕಾಲಿನ ಅಳತೆ ಗೊತ್ತಿಲ್ಲದೆ ಚಪ್ಪಲಿ ತಂದ ಹಾಗೆ. ನಾಳೆ ಸೈಕಲ್ಲಿನಲ್ಲಿ ಹೋಗಿ ನೋಡಿಕೊಂಡು ಬಾ. ಕಾರನ್ನೂ ತೆಗೆದುಕೊಂಡು ಹೋಗು, ಅಲ್ಲಿನ ಮೇಸ್ತ್ರಿಯನ್ನು ಕೇಳಿ ಐದು ನಿಮಿಷ ಓಡಿಸು. ಮದುವೆ ಇಲ್ಲದ ದಿನ ಯಾರೂ ಬೇಡ ಅನ್ನುವುದಿಲ್ಲ.

ಮೈಸೂರಿನ ನಮ್ಮ ವಿದ್ಯಾರಣ್ಯಪುರದಲ್ಲೇ ಎಷ್ಟು ಬಗೆಯ ನೆಲ ಇದೆ ಗಮನಿಸು. ನಮ್ಮ ಮನೆಯ ನಡುಮನೆಯದು ಹಳೆಯ ರೆಡ್ ಆಕ್ಸೈಡ್. ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ, ನಿಮ್ಮಜ್ಜಿ ಹಬ್ಬಕ್ಕೆ ಕೆಂಪು ಪಾಲಿಷ್ ಬೇರೆ ಹಚ್ಚುತ್ತಾಳೆ. ಅದರ ಮೇಲೆ ನಿನ್ನ ಕಾರು ಎಮ್ಮೆ ಕೆರೆಗೆ ಇಳಿದ ಹಾಗೆ ಜಾರುತ್ತದೆ. ನಿಮ್ಮ ಕೆಳಮನೆಗೆ ವಿಟ್ರಿಫೈಡ್ ಟೈಲ್ಸ್. ಒರೆಸಿದ ಹೊತ್ತಿನಲ್ಲಿ ಹಿಡಿತ ಚೆನ್ನಾಗಿರುತ್ತದೆ, ಸಂಜೆಗೆ ಧೂಳು ಕೂತರೆ ಇಲ್ಲ. ತಾರಸಿಯ ಮೇಲಿನ ಚುರುಕಿ ಗಾರೆ ಒರಟು, ಟೈರನ್ನು ಅರದ ಹಾಗೆ ತಿನ್ನುತ್ತದೆ. ಬೂತಾಳೆ ಮೈದಾನದ ಮಣ್ಣಿನಲ್ಲಿ ಈ ಕಾರನ್ನು ಬಿಡುವ ಯೋಚನೆಯನ್ನೇ ಮಾಡಬೇಡ. ಬೀದಿಯ ಕಾಂಕ್ರೀಟು ನೋಡಲು ಸಪಾಟು. ಆದರೆ ನಿನ್ನದು ಒಂದಕ್ಕೆ ಇಪ್ಪತ್ತೆಂಟರ ಕಾರು ಕಣಪ್ಪ. ಎರಡು ಮಿಲಿಮೀಟರಿನ ಜಲ್ಲಿ ಚೂರು ಅದರ ಪಾಲಿಗೆ ಐದೂವರೆ ಸೆಂಟಿಮೀಟರಿನ ಕಲ್ಲು. ನಿಮ್ಮಪ್ಪನ ಕಾರಿನ ಮುಂದೆ ಹೆಜ್ಜೆಗೊಂದು ಮುಷ್ಟಿಗಾತ್ರದ ಕಲ್ಲು ಸುರಿದರೆ ಹೇಗೆ ಓಡಿಸುತ್ತಾರೋ ಕೇಳು.

ಅಳತೆಯ ಮಾತು ಬಂತಲ್ಲ, ಇನ್ನೊಂದು ಲೆಕ್ಕ ಹೇಳುತ್ತೇನೆ. ಉದ್ದ ಇಪ್ಪತ್ತೆಂಟು ಪಾಲು ಇಳಿದರೆ ತೂಕ ಇಳಿಯಬೇಕಾದ್ದು ಇಪ್ಪತ್ತೆಂಟರ ಘನದಷ್ಟು, ಅಂದರೆ 21,952 ಪಾಲು. 1,200 ಕಿಲೋ ತೂಗುವ ಕಾರು ಆ ಲೆಕ್ಕದಲ್ಲಿ 55 ಗ್ರಾಂ ಆಗಬೇಕು. ನಿನ್ನ ಕಾರನ್ನು ಮೊನ್ನೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆವಲ್ಲ, ಬ್ಯಾಟರಿ ಸೇರಿ 170 ಗ್ರಾಂ. ಗಾತ್ರಕ್ಕೆ ಹೋಲಿಸಿದರೆ ಈಗಾಗಲೇ ಅದು ಮೂರು ಪಟ್ಟು ಭಾರದ ಗಾಡಿ. ಅದರ ಮೇಲೆ ನೀನು ಅಲ್ಯುಮಿನಿಯಂ ತುಂಡುಗಳಿಂದ ಹತ್ತು ಗ್ರಾಂ ಹೇರುತ್ತೀಯ ಅಂತಿಟ್ಟುಕೋ. ತೂಕದ ಅದೇ ಪ್ರಮಾಣದಲ್ಲಿ ನೋಡಿದರೆ ದೊಡ್ಡ ಕಾರಿನಲ್ಲಿ ಅದು ಎಪ್ಪತ್ತು ಕಿಲೋ, ನನ್ನಂಥವನೊಬ್ಬನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪಂದ್ಯಕ್ಕೆ ಹೋದಷ್ಟು.

ಇನ್ನೊಂದು ತೊಂದರೆ ಉಂಟು. ಪ್ಲಾಸ್ಟಿಕ್ ತೋಳು ಗೋಡೆಗೆ ಬಡಿದಾಗ ಬಾಗಿ, ಪೆಟ್ಟು ನುಂಗಿ, ವಾಪಸು ಬರುತ್ತದೆ. ಅಲ್ಯುಮಿನಿಯಂ ತೋಳು ಒಂದೋ ಬಾಗಿದ ಹಾಗೇ ಉಳಿಯುತ್ತದೆ, ಇಲ್ಲವೇ ಪೆಟ್ಟನ್ನು ಸೀದಾ ಚಾಸಿಗೆ ದಾಟಿಸುತ್ತದೆ. ಆಗ ಒಡೆಯುವುದು ದುಬಾರಿ ಭಾಗ. ಬಾಗಿದ ತೋಳು ಕಣ್ಣಿಗೆ ಕಾಣುವಷ್ಟು ಬಾಗಿರುವುದೂ ಇಲ್ಲ. ಕಾರು ಎಡಕ್ಕೆ ಎಳೆಯುತ್ತದೆ, ನೀನು ರಿಮೋಟಿನ ಟ್ರಿಮ್ ತಿರುಗಿಸುತ್ತೀಯ, ಬಲ ತಿರುವಿನಲ್ಲಿ ಒಂದು ಥರ, ಎಡ ತಿರುವಿನಲ್ಲಿ ಇನ್ನೊಂದು ಥರ ಆಗುತ್ತದೆ, ವಾರಗಟ್ಟಲೆ ಕಾರಣ ಸಿಗುವುದಿಲ್ಲ. ಲೋಹ ಬೇಡವೇ ಬೇಡ ಅಂತ ನನ್ನ ಮಾತಲ್ಲ. ಮೋಟಾರು ಕೂರುವ ಗೂಡು ಲೋಹದ್ದಾದರೆ ಬಿಸಿ ಹೊರಗೆ ಹೋಗುತ್ತದೆ, ಅದಕ್ಕೆ ಅರ್ಥ ಇದೆ. ಚಕ್ರದ ಗೆಣ್ಣಿನಲ್ಲಿ ವಿಪರೀತ ಪ್ಲೇ ಇದ್ದರೆ ಅಲ್ಲಿಯೂ ಸರಿ. ಉಳಿದದ್ದು ಒಡವೆ.

ಈಗ ಟೈರು. ನಿನ್ನ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಸರುಕಾಳಿನಷ್ಟು ಜಾಗ. ಮೋಟಾರಿನ ಬಲ, ಸ್ಟೀರಿಂಗಿನ ಅಪ್ಪಣೆ, ಬ್ರೇಕು, ಎಲ್ಲವೂ ಆ ನಾಲ್ಕು ಹೆಸರುಕಾಳಿನ ಮೂಲಕವೇ ಹೋಗಬೇಕು. ಈ ಸಣ್ಣ ಕಾರುಗಳ ರಬ್ಬರಿಗೆ 20, 30, 40 ಅಂತ ಅಂಕಿ ಕೊಡುತ್ತಾರೆ. ಅಂಕಿ ಇಳಿದಷ್ಟೂ ರಬ್ಬರು ಮೆದು. ಮೆದುವೆಂದರೆ ಹಿಡಿತ ಅಂತ ಎಲ್ಲರೂ ನಾಲ್ಕಕ್ಕೂ ಮೆದು ಟೈರೇ ಹಾಕುತ್ತಾರೆ. ಫೋಮ್ ಹಾಳೆಯ ಟ್ರ್ಯಾಕಿನಲ್ಲಿ ಹಾಗೆ ಮಾಡಿದರೆ ಮುಂದಿನ ಚಕ್ರ ನೆಲವನ್ನು ಕಚ್ಚಿಕೊಂಡು ಕಾರು ತಿರುವಿನಲ್ಲಿ ದೋಸೆ ಮಗುಚಿದ ಹಾಗೆ ಮಗುಚುತ್ತದೆ. ಧೂಳಿನ ನೆಲದಲ್ಲಿ ಮೆದು ರಬ್ಬರು ಧೂಳನ್ನೆಲ್ಲ ಮೈಗೆ ಮೆತ್ತಿಕೊಂಡು ಮೂರನೇ ಸುತ್ತಿಗೆ ಬಕ್ಕಬರಿದು. ಹಿಂದೆ ಮೆದು, ಮುಂದೆ ಅದಕ್ಕಿಂತ ಒಂದು ಮೆಟ್ಟಿಲು ಗಟ್ಟಿ, ಇಲ್ಲಿಂದ ಶುರುಮಾಡು. ಬಾಲ ಬೀಸಿದರೆ ಹಿಂದಿನದನ್ನು ಇನ್ನೂ ಮೆದು ಮಾಡು, ಇಲ್ಲವೇ ಮುಂದಿನದನ್ನು ಗಟ್ಟಿ ಮಾಡು. ತಿರುಗದೆ ಸೀದಾ ಹೋಗಿ ಪೈಪಿಗೆ ಗುದ್ದಿದರೆ ಉಲ್ಟಾ ಮಾಡು.

ಟೈರನ್ನು ಚಕ್ರಕ್ಕೆ ಅಂಟಿಸಲೇಬೇಕು. ತೆಳ್ಳನೆಯ ಡಬಲ್ ಸೈಡ್ ಟೇಪು ಸಾಕು. ಅಂಟಿಸದಿದ್ದರೆ ಚಕ್ರ ತಿರುಗುತ್ತದೆ, ಟೈರು ನಿಂತಲ್ಲೇ ಇರುತ್ತದೆ, ನೀನು ಮೋಟಾರಿಗೆ ಶಕ್ತಿ ಸಾಲದು ಅಂತ ಇನ್ನೊಂದು ಮೋಟಾರು ತರಿಸುತ್ತೀಯ. ಪ್ರತಿ ಓಟದ ನಡುವೆ ಒದ್ದೆ ಬಟ್ಟೆಯಲ್ಲಿ ಟೈರು ಒರೆಸು. ಸೀಮೆಎಣ್ಣೆ, ಪೆಟ್ರೋಲು ಮುಟ್ಟಿಸಬೇಡ, ರಬ್ಬರು ಊದಿಕೊಳ್ಳುತ್ತದೆ. ಇನ್ನೊಂದು, ಬೆಳಿಗ್ಗೆ ಮನೆ ಮುಂದೆ ಓಡಿಸುವ ಮೊದಲು ರಂಗೋಲಿ ನೋಡಿಕೋ. ನಿಮ್ಮಮ್ಮ ಬೈಯುತ್ತಾರೆ ಅನ್ನುವುದು ಒಂದು, ರಂಗೋಲಿ ಪುಡಿ ಅಂದರೆ ಕಲ್ಲಿನ ಪುಡಿ ಅನ್ನುವುದು ಇನ್ನೊಂದು. ಗೇರಿನ ನಡುವೆ ಹೋದರೆ ಸಾಣೆ ಹಿಡಿದ ಹಾಗೆ ಹಲ್ಲು ಸವೆಸುತ್ತದೆ. ಹೋದ ವರ್ಷ ನಾನೇ ಒಂದು ಸ್ಪರ್ ಗೇರನ್ನು ಹೀಗೆ ಕಳೆದುಕೊಂಡೆ.

ಟೈರಿನ ನಂತರ ಬೇರಿಂಗು. ಪೆಟ್ಟಿಗೆಯಲ್ಲಿ ಬರುವಾಗ ಅನೇಕ ಕಾರುಗಳಲ್ಲಿ ಪ್ಲಾಸ್ಟಿಕ್ ಅಥವಾ ಕಂಚಿನ ಬುಷ್ ಇರುತ್ತದೆ. ಅದನ್ನು ಕಿತ್ತು ಬಾಲ್ ಬೇರಿಂಗ್ ಹಾಕಿದರೆ ಅದೇ ಮೋಟಾರು, ಅದೇ ಬ್ಯಾಟರಿ, ಕಾರು ಬೇರೆಯೇ ಆಗುತ್ತದೆ. ಈ ಕಾರಿಗೇ ಅಂತ ಹೆಸರು ಹಾಕಿ ಮಾರುವ ಸೆಟ್ಟನ್ನು ಕೊಳ್ಳಬೇಕೆಂದಿಲ್ಲ. ಬೇರಿಂಗಿಗೆ ಬೇಕಾದ್ದು ಮೂರು ಅಳತೆ: ಒಳವ್ಯಾಸ, ಹೊರವ್ಯಾಸ, ಅಗಲ. ವರ್ನಿಯರ್‌ನಲ್ಲಿ ಅಳೆದು ಚೀಟಿ ಬರೆದುಕೋ, ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಕಡೆ ಕೇಳಬಹುದು. ಹಾಕಿದ ಮೇಲೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ, ಒಂದೇ ಹನಿ. ಕೊಬ್ಬರಿ ಎಣ್ಣೆ ಬೇಡ. ಇದನ್ನು ನಗೆಚಾಟಿಕೆಗೆ ಹೇಳುತ್ತಿಲ್ಲ, ಒಬ್ಬ ಹುಡುಗ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಮೈಸೂರಿನ ಧನುರ್ಮಾಸದ ಬೆಳಿಗ್ಗೆ ಆ ಕಾರಿನ ಚಕ್ರ ಕೈಯಲ್ಲಿ ತಿರುಗಿಸಿದರೂ ತಿರುಗಲಿಲ್ಲ.

ಗೇರಿಗೆ ಬಂದೆ, ಜಾವಾ ಕಥೆಯೂ ಬಂತು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಊರಿಗೆ ಅನ್ನ ಹಾಕಿತು ಅಂತ ನಿನಗೆ ಗೊತ್ತು. ನಾನು ಅಲ್ಲಿ ಕೆಲಸ ಮಾಡಿದವನಲ್ಲ, ನನ್ನದು ಲೇಥ್ ಶೆಡ್ಡು. ಆದರೆ ಆ ಕಾಲದಲ್ಲಿ ಮೈಸೂರಿನಲ್ಲಿ ಲೇಥ್ ಇಟ್ಟವನ ಮನೆಬಾಗಿಲಿಗೆ ಜಾವಾ, ಯೆಜ್ಡಿ ಬಾರದೆ ಇರುತ್ತಿರಲಿಲ್ಲ. ಒಬ್ಬರು ಹಾಲಿನವರಿದ್ದರು, ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಚಾಮುಂಡಿ ಬೆಟ್ಟ ಹತ್ತಬೇಕಿತ್ತು. ಅವರ ಬೈಕಿಗೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಕೊಟ್ಟೆವು. ಬೆಟ್ಟವನ್ನು ಹಾಡು ಹೇಳಿಕೊಂಡು ಹತ್ತಿತು. ಅದೇ ಬೈಕು ನಂಜನಗೂಡು ರಸ್ತೆಯಲ್ಲಿ ಕಿರುಚಾಡುತ್ತಿತ್ತು, ವೇಗವೇ ಇಲ್ಲ. ಇನ್ನೊಬ್ಬ ಕಾಲೇಜು ಹುಡುಗ ಹಲ್ಲು ಹೆಚ್ಚು ಮಾಡಿಸಿಕೊಂಡು ಹೋದ. ಅವನ ಬೈಕು ಸಪಾಟು ರಸ್ತೆಯಲ್ಲಿ ಹಾರುತ್ತಿತ್ತು, ಬೆಟ್ಟದ ಅರ್ಧ ದಾರಿಯಲ್ಲಿ ಇಳಿದು ತಳ್ಳುತ್ತಿದ್ದ. ಇಂಜಿನ್ನು ಎರಡರದ್ದೂ ಒಂದೇ.

ನಿನ್ನ ಕಾರಿನಲ್ಲಿ ಮೋಟಾರಿನ ಮೂತಿಗೆ ಕೂರುವುದು ಪಿನಿಯನ್, ಆಕ್ಸಲ್ಲಿನ ಮೇಲಿನದು ಸ್ಪರ್. ಸ್ಪರ್‌ನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಅನುಪಾತ. ಜಪಾನಿನ ಕ್ಯೋಶೋ ಕಂಪನಿ 1999ರಲ್ಲಿ ತಂದ ಈ ಮಿನಿ-ಝಡ್ ಜಾತಿಯ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಪರ್ 44 ಹಲ್ಲು, ಪಿನಿಯನ್ 6ರಿಂದ 9. ಆರು ಹಾಕಿದರೆ 7.33, ಏಳಕ್ಕೆ 6.29, ಎಂಟಕ್ಕೆ 5.5, ಒಂಬತ್ತಕ್ಕೆ 4.89. ಒಂದೇ ಒಂದು ಹಲ್ಲಿಗೆ ಎಷ್ಟು ಜಿಗಿತ ನೋಡು! ಏಳರಿಂದ ಎಂಟಕ್ಕೆ ಹೋದರೆ ಶೇಕಡಾ 14 ವ್ಯತ್ಯಾಸ. ನಿನ್ನ ಗೆಳೆಯನ ಹತ್ತಿರ ಇರುವ ಒಂದಕ್ಕೆ ಹತ್ತರ ಟಮಿಯ ಟಿಟಿ-02ರಲ್ಲಿ ಪಿನಿಯನ್ 22, ಸ್ಪರ್ 70, ಒಳಗಿನ ಅನುಪಾತ 2.6, ಗುಣಿಸಿದರೆ 8.27. ಅವನು 22ರಿಂದ 23ಕ್ಕೆ ಹೋದರೆ ನಾಲ್ಕೂವರೆ ಶೇಕಡಾ ಮಾತ್ರ. ಅವನು ‘ಒಂದು ಹಲ್ಲು ಏರಿಸು, ಏನೂ ಆಗಲ್ಲ’ ಅಂತ ನಿನಗೆ ಹೇಳುವುದು ಅವನ ಕಾರಿನ ಮಟ್ಟಿಗೆ ನಿಜ, ನಿನ್ನ ಕಾರಿಗೆ ಅಲ್ಲ.

ಅನುಪಾತದ ಜೊತೆ ಟೈರಿನ ವ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟೈರು 24 ಮಿಲಿಮೀಟರ್ ಇದ್ದರೆ ಸುತ್ತಳತೆ 75.4. ಅದನ್ನು 5.5ರಿಂದ ಭಾಗಿಸು, 13.7 ಮಿಲಿಮೀಟರ್ ಬಂತು. ಮೋಟಾರು ಒಂದು ಸುತ್ತು ತಿರುಗಿದರೆ ಕಾರು ಮುಂದೆ ಹೋಗುವುದು ಅಷ್ಟು. ಮೋಟಾರು ನಿಮಿಷಕ್ಕೆ 20,000 ಸುತ್ತು ಸುತ್ತಿದರೆ ಗಂಟೆಗೆ ಹದಿನಾರು ಕಿಲೋಮೀಟರ್ ಚಿಲ್ಲರೆ. ಸೈಕಲ್ಲಿನ ವೇಗ ಅಷ್ಟೇನಾ ಅಂತ ಮುಖ ಸಣ್ಣ ಮಾಡಬೇಡ. ಊಟದ ಹಾಲಿನಲ್ಲಿ ಉದ್ದದ ನೇರ ದಾರಿ ಎಂದರೆ ಎಂಟು ಹತ್ತು ಮೀಟರು. ಕಾರು ಪೂರ್ತಿ ವೇಗಕ್ಕೆ ಏರುವಷ್ಟರಲ್ಲಿ ತಿರುವು ಬಂದಿರುತ್ತದೆ. ಅಲ್ಲಿ ಗೆಲ್ಲುವುದು ತಿರುವಿನಿಂದ ಹೊರಗೆ ಬೇಗ ಬರುವ ಕಾರು.

ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡೇ. ನನ್ನ ಮೊಮ್ಮಗ ವಿದೇಶಕ್ಕೆ ಹೋಗುವಾಗ ಬಿಟ್ಟುಹೋದ ಕಾರನ್ನು ರಿಪೇರಿ ಮಾಡುತ್ತಾ ನನಗೂ ಈ ಹುಚ್ಚು ಹತ್ತಿತು. ಅರವತ್ತೆರಡು ವರ್ಷದ ಮುದುಕ ಸುಮ್ಮನೆ ಇರಬಾರದೇ, ಒಂಬತ್ತು ಹಲ್ಲಿನ ಪಿನಿಯನ್ ಹಾಕಿ ಇದೇ ನಡುಮನೆಯಲ್ಲಿ ಓಡಿಸಿದೆ. ನಾಲ್ಕು ಮೀಟರ್ ಜಾಗ. ಮೋಟಾರು ಪ್ರತಿ ಸಲವೂ ನಿಂತ ನೆಲೆಯಿಂದ ಎಳೆಯಬೇಕು, ಬಿಡುವಿಲ್ಲ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಮೋಟಾರಿನ ಗೂಡಿನ ಪ್ಲಾಸ್ಟಿಕ್ ಸೊಟ್ಟಗಾಗಿತ್ತು. ಅಂದಿನಿಂದ ಓಟ ಮುಗಿದ ಕೂಡಲೇ ಮೋಟಾರಿನ ಮೇಲೆ ಬೆರಳಿಡುತ್ತೇನೆ. ಮೂರು ಎಣಿಸುವಷ್ಟು ಹೊತ್ತು ಇಟ್ಟಿರಲಾಗದಿದ್ದರೆ ಒಂದು ಹಲ್ಲು ಇಳಿಸು. ನೀನು ಆರು ಅಥವಾ ಏಳರಿಂದ ಶುರುಮಾಡು.

ಗೆಳೆಯನ ಕಾರಿನಂಥ ದೊಡ್ಡ ಕಾರುಗಳಲ್ಲಿ ಪಿನಿಯನ್ ಬದಲಿಸಿದರೆ ಎರಡು ಗೇರಿನ ನಡುವಿನ ಅಂತರವನ್ನೂ ಹೊಂದಿಸಿಕೊಳ್ಳಬೇಕು. ತೀರ ಬಿಗಿಯಾದರೆ ಮೋಟಾರು ತನ್ನ ಶಕ್ತಿಯನ್ನು ಗೇರಿಗೇ ಸುರಿಯುತ್ತದೆ, ತೀರ ಸಡಿಲವಾದರೆ ಹಲ್ಲು ಹಾರುತ್ತದೆ. ಮೋಟಾರು ಜರುಗಿಸಲು ಸೀಳಿರುವ ಕಾರಾದರೆ ಹಲ್ಲುಗಳ ನಡುವೆ ಸುದ್ದಿಪತ್ರಿಕೆಯ ತುಂಡು ಇಟ್ಟು ಒತ್ತಿ, ಸ್ಕ್ರೂ ಬಿಗಿದು, ಕಾಗದ ಎಳೆದು ತೆಗೆದರೆ ಬೇಕಾದಷ್ಟು ಸಂದು ಉಳಿಯುತ್ತದೆ. ಹಲ್ಲಿನ ಜಾತಿಯೂ ಒಂದೇ ಆಗಿರಬೇಕು. 48 ಪಿಚ್ಚಿನ ಹಲ್ಲೂ 0.5 ಮಾಡ್ಯೂಲಿನ ಹಲ್ಲೂ ಕಣ್ಣಿಗೆ ಅಣ್ಣ ತಮ್ಮಂದಿರು, ಆದರೆ 48 ಪಿಚ್ಚು ಅಂದರೆ ಲೆಕ್ಕದಲ್ಲಿ 0.53 ಮಾಡ್ಯೂಲು. ಜೊತೆ ಹಾಕಿದರೆ ಒಂದು ವಾರ ಸಂಸಾರ ನಡೆಯುತ್ತದೆ, ಆಮೇಲೆ ಪ್ಲಾಸ್ಟಿಕ್ ಹಲ್ಲು ಪುಡಿ.

ಮೋಟಾರನ್ನು ಕಡೆಗೆ ಇಟ್ಟುಕೋ. ನಿನ್ನದು ಬ್ರಷ್ ಮೋಟಾರಿನ ಹಳೆಯ ಬಗೆ, ನಾಲ್ಕು ಸಣ್ಣ ಸೆಲ್ಲು. ಅದರ ಬೋರ್ಡಿನ ಮೇಲಿರುವ ಟ್ರಾನ್ಸಿಸ್ಟರುಗಳು ಕಂಪನಿಯ ಮೋಟಾರಿಗೆ ಬೇಕಾದಷ್ಟು ಕರೆಂಟನ್ನು ಮಾತ್ರ ತಡೆಯುತ್ತವೆ. ನೀನು ಪಟ್ಟಿಯಲ್ಲಿ ಬರೆದ ಮೋಟಾರು ಅದರ ಎರಡರಷ್ಟು ಕುಡಿದರೆ ಮೊದಲು ಸುಡುವುದು ಬೋರ್ಡು. ಇರುವ ಮೋಟಾರನ್ನೇ ಹದಮಾಡು. ಹೊಸ ಬ್ರಷ್ ಮೋಟಾರಿನ ಕಾರ್ಬನ್ನು ಚಪ್ಪಟೆ, ಕಮ್ಯುಟೇಟರು ದುಂಡು, ಮೊದಮೊದಲು ಅವು ಪೂರ್ತಿ ಕೂಡಿಕೊಂಡಿರುವುದಿಲ್ಲ. ಎರಡು ಪೆನ್ ಟಾರ್ಚ್ ಸೆಲ್ಲಿನ ಮೂರು ವೋಲ್ಟಿನಲ್ಲಿ, ಗೇರಿಗೆ ಜೋಡಿಸದೆ, ನಾಲ್ಕೈದು ನಿಮಿಷ ಬಿಡು. ಸದ್ದು ನುಣುಪಾಗುವುದು ಕಿವಿಗೇ ಗೊತ್ತಾಗುತ್ತದೆ. ಸೆಲ್ಲಿಗೆ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಒಂದೇ ಬಗೆಯ ನಾಲ್ಕು, ಒಂದೇ ದಿನ ಕೊಂಡದ್ದು, ಒಟ್ಟಿಗೇ ಚಾರ್ಜ್ ಮಾಡಿದ್ದು. ಮೂರು ಹೊಸದು ಒಂದು ಹಳೆಯದು ಹಾಕಿದರೆ ನಾಲ್ಕೂ ಹಳೆಯದೇ. ಗೊಂಬೆ ಹಬ್ಬಕ್ಕೆ ನಿಮ್ಮಜ್ಜಿ ಕಾರನ್ನು ಪಾರ್ಕಿನ ಪಕ್ಕ ಇಡಲು ಕೇಳುತ್ತಾಳಲ್ಲ, ಕೊಡು, ಸಂತೋಷ. ಆದರೆ ಸೆಲ್ಲು ತೆಗೆದು ಕೊಡು. ಹಿಂದೊಂದು ಸಲ ಒಂದು ದಸರಾದಿಂದ ಇನ್ನೊಂದು ದಸರಾವರೆಗೆ ಟ್ರಂಕಿನಲ್ಲಿ ಸೆಲ್ಲು ಸೋರಿ, ಸ್ಪ್ರಿಂಗುಗಳೆಲ್ಲ ಹಸಿರು ಬೂಸಲು ಹಿಡಿದಿದ್ದವು.

ಮುಂದೆ ಲಿಥಿಯಂ ಪಾಲಿಮರ್ ಬ್ಯಾಟರಿಯ ಕಾರು ಕೊಂಡರೆ ಮನೆಯಲ್ಲಿ ಯಾರೂ ಇಲ್ಲದಾಗ ಚಾರ್ಜಿಗೆ ಹಾಕಬೇಡ. ಪೂರ್ತಿ ತುಂಬಿದಾಗ ಸೆಲ್ಲಿಗೆ 4.2 ವೋಲ್ಟು, ಎತ್ತಿಡುವಾಗ ಸುಮಾರು 3.8. ಊದಿಕೊಂಡಿದ್ದನ್ನು ಚುಚ್ಚಬೇಡ, ನನ್ನ ಹತ್ತಿರ ತಾ.

ಈಗ ಹದಮಾಡುವ ಕೆಲಸ. ಇದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಫೋಟೋಗೆ ಕಟ್ಟು ಹಾಕುವವರ ಹತ್ತಿರ ಒಂದಡಿ ಚದರದ ದಪ್ಪ ಗಾಜು ಕೇಳಿ ತಂದುಕೋ, ಅಂಚು ಉಜ್ಜಿಸಿಕೊಂಡು ಬಾ. ಗಾಜಿನಷ್ಟು ಸಪಾಟು ಮನೆಯಲ್ಲಿ ಬೇರೆ ಏನೂ ಇಲ್ಲ. ಕಾರನ್ನು ಅದರ ಮೇಲಿಟ್ಟು, ಮುಂದಿನ ಮೂತಿಯ ನಡುಮಧ್ಯಕ್ಕೆ ತರಕಾರಿ ಚಾಕುವಿನ ತುದಿ ಕೊಟ್ಟು ಮೆಲ್ಲಗೆ ಎತ್ತು. ಎರಡು ಚಕ್ರವೂ ಒಟ್ಟಿಗೇ ಗಾಜು ಬಿಡಬೇಕು. ಒಂದು ಮೊದಲು ಬಿಟ್ಟರೆ ಎಲ್ಲೋ ಸೊಟ್ಟ ಇದೆ: ಸ್ಕ್ರೂ ಒಂದು ಹೆಚ್ಚು ಬಿಗಿಯಾಗಿದೆ, ಸ್ಪ್ರಿಂಗು ಎಡಬಲ ಒಂದೇ ಇಲ್ಲ, ಅಥವಾ ಚಾಸಿ ತಿರುಚಿದೆ. ಇದನ್ನು ಸರಿಮಾಡದೆ ಉಳಿದದ್ದು ಏನು ಮಾಡಿದರೂ ದಂಡ. ಹಿಂದಕ್ಕೂ ಹಾಗೇ ನೋಡು.

ಆಮೇಲೆ ನೆಲದಿಂದ ಎತ್ತರ. ಅಳತೆ ಗೇಜು ಕೊಳ್ಳಬೇಡ. ಅವಧಿ ಮುಗಿದ ಎಟಿಎಂ ಕಾರ್ಡು ಮುಕ್ಕಾಲು ಮಿಲಿಮೀಟರ್ ದಪ್ಪ, ಸರಿಯಾಗಿ ಹೇಳಬೇಕೆಂದರೆ 0.76. ಮೂರು ಸೇರಿಸಿದರೆ ಎರಡೂಕಾಲು ಚಿಲ್ಲರೆ. ಮಂಟಪದ ನೆಲ ಸಪಾಟಾಗಿದ್ದರೆ ಮೂರು ಕಾರ್ಡು ಸಲೀಸಾಗಿ ದಾಟುವಷ್ಟು ಎತ್ತರ ಸಾಕು. ಕಲ್ಲುಗಳ ಸಂದಿನಲ್ಲಿ ತಗ್ಗು ದಿಣ್ಣೆ ಇದ್ದರೆ ನಾಲ್ಕು.

ನಿನ್ನ ಕಾರಿನಲ್ಲಿ ಹಿಂದಿನ ಮೋಟಾರಿನ ಗೂಡನ್ನು ಚಾಸಿಗೆ ಹಿಡಿದಿರುವ ತೆಳ್ಳನೆಯ ಪಟ್ಟಿ ಇದೆ ನೋಡು, ಅದೇ ಹಿಂಬದಿಯ ಸ್ಪ್ರಿಂಗು. ಸಾಮಾನಿನ ಪಟ್ಟಿಯಲ್ಲಿ ನೀನು ಬರೆದದ್ದು ಅದರ ಕಾರ್ಬನ್ ರೂಪ, ಗಟ್ಟಿ. ಹಿಡಿತ ಭರ್ತಿ ಇರುವ ಫೋಮ್ ಟ್ರ್ಯಾಕಿಗೆ ಅದು ಸರಿ. ಜಾರುವ ನೆಲದಲ್ಲಿ ಮೆದು ಪಟ್ಟಿಯೇ ಹಿಂದಿನ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಅಂದರೆ ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಪಟ್ಟಿಯೇ ಮಂಟಪಕ್ಕೆ ಒಳ್ಳೆಯದಾದರೂ ಆಗಬಹುದು. ನೆಲ ನೋಡಿಕೊಂಡು ಬಾ ಅಂದದ್ದು ಇದಕ್ಕೇ.

ಮುಂದಿನ ಚಕ್ರ ಮೇಲುಗಡೆ ಒಳಕ್ಕೆ ಸ್ವಲ್ಪ ವಾಲಿರಲಿ, ಒಂದರಿಂದ ಎರಡು ಡಿಗ್ರಿ. ಹತ್ತು ನಿಮಿಷ ಓಡಿಸಿದ ಮೇಲೆ ಟೈರಿನ ಸವೆತವೇ ಹೇಳುತ್ತದೆ: ಒಳ ಅಂಚು ಮಾತ್ರ ಸವೆದಿದ್ದರೆ ವಾಲಿಕೆ ಹೆಚ್ಚಾಯಿತು, ಹೊರ ಅಂಚು ಸವೆದಿದ್ದರೆ ಕಡಿಮೆಯಾಯಿತು. ಬಾಲ್ ಡಿಫ್ (ಡಿಫರೆನ್ಷಿಯಲ್) ಇದ್ದರೆ ಸ್ಪರ್ ಗೇರನ್ನು ಒಂದು ಕೈಯಲ್ಲಿ, ಒಂದು ಚಕ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದು ಉಳಿದ ಚಕ್ರವನ್ನು ಗೆಳೆಯನಿಂದ ತಿರುಗಿಸಿ ನೋಡು. ಸಲೀಸಾಗಿ ಜಾರಿದರೆ ಬಿಗಿ ಸಾಲದು, ಗುಂಡುಗಳು ಬೇಗ ಹಾಳಾಗುತ್ತವೆ. ಒತ್ತಿ ತಿರುಗಿಸಿದಾಗ ಮಾತ್ರ ಜಾರಬೇಕು. ನಟ್ಟು ತಿರುಗಿಸುವಾಗ ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಪ್ಲಾಸ್ಟಿಕ್ಕಿಗೆ ಸ್ಕ್ರೂ ಹಾಕುವಾಗಲೂ ಅಷ್ಟೇ. ಮೊದಲು ಹಿಂದಕ್ಕೆ ತಿರುಗಿಸು, ಹಳೆಯ ಥ್ರೆಡ್ಡಿಗೆ ಟಕ್ಕಂತ ಬಿದ್ದ ಮೇಲೆ ಮುಂದಕ್ಕೆ. ಲೇಥ್ ಶೆಡ್ಡಿನಲ್ಲಿ ಹೊಸ ಹುಡುಗರಿಗೆ ನಾನು ಮೊದಲ ದಿನ ಹೇಳುತ್ತಿದ್ದದ್ದು ಇದೇ, ಅರ್ಧ ಜನ ಎರಡನೇ ದಿನ ಥ್ರೆಡ್ ತಿಂದುಹಾಕಿ ಬರುತ್ತಿದ್ದರು.

ರಿಮೋಟು ಕೂಡ ಒಂದು ಬಿಡಿಭಾಗ ಅಂತ ತಿಳಿ. ಅದರಲ್ಲಿ ಸ್ಟೀರಿಂಗಿನ ಮಿತಿ ಇಳಿಸುವ ಗುಂಡಿ ಇದೆ. ಪೂರ್ತಿ ಇಟ್ಟುಕೊಂಡು ನೀನು ಬೆರಳು ಅಲುಗಾಡಿಸಿದರೆ ಕಾರು ಬಾಣಲೆಗೆ ಬಿದ್ದ ಸಾಸಿವೆ. ಅತಿ ಕಡಿದಾದ ತಿರುವು ದಾಟಲು ಎಷ್ಟು ಬೇಕೋ ಅಷ್ಟಕ್ಕೆ ಇಳಿಸು. ಈ ಒಂದು ಗುಂಡಿ ನಿನ್ನ ಹನ್ನೊಂದು ಸಾಮಾನಿಗಿಂತ ಹೆಚ್ಚು ಸಮಯ ಉಳಿಸುತ್ತದೆ ಅಂತ ಪಣ ಕಟ್ಟಲು ನಾನು ತಯಾರು.

ಪಣ ಅಂದೆ, ಅದನ್ನು ಇತ್ಯರ್ಥ ಮಾಡುವುದು ಹೇಗೆ? ನೂರು ಪುಟದ ನೋಟ್ ಪುಸ್ತಕದಲ್ಲಿ. ತಾರೀಕು, ನೆಲ, ಹೊತ್ತು, ಮುಂದಿನ ಟೈರು, ಹಿಂದಿನ ಟೈರು, ಪಿನಿಯನ್, ಎತ್ತರ, ಬದಲಿಸಿದ್ದು ಏನು, ಹತ್ತು ಸುತ್ತಿಗೆ ಎಷ್ಟು ಸೆಕೆಂಡು. ಬದಲಿಸಿದ್ದು ಏನು ಅನ್ನುವ ಕಡೆ ಒಂದೇ ಸಂಗತಿ ಇರಬೇಕು. ಟೈರನ್ನೂ ಪಿನಿಯನ್ನನ್ನೂ ಒಟ್ಟಿಗೆ ಬದಲಿಸಿ ಕಾರು ಜೋರಾಯಿತು ಅಂದರೆ ಯಾವುದಕ್ಕೆ ಮಂಗಳಾರತಿ ಎತ್ತುತ್ತೀಯ? ಒಂದು ಗೆದ್ದು ಇನ್ನೊಂದು ಸೋತಿರಬಹುದು. ನಿನ್ನ ಫೋನು ಅತಿ ಬೇಗದ ಒಂದು ಸುತ್ತನ್ನು ಬಣ್ಣದಲ್ಲಿ ತೋರಿಸುತ್ತದೆ, ಅದನ್ನು ಬರೆಯಬೇಡ. ಅದು ಸ್ನೇಹಿತರಿಗೆ ತೋರಿಸಲು ಚೆಂದ. ಐದು ನಿಮಿಷದ ಪಂದ್ಯದಲ್ಲಿ ಒಂದು ಸಲ ಪೈಪಿಗೆ ಸಿಕ್ಕಿಕೊಂಡು ಯಾರೋ ಬಂದು ಎತ್ತಿಡುವಷ್ಟರಲ್ಲಿ ಆರೇಳು ಸೆಕೆಂಡು ಹೋಗಿರುತ್ತದೆ, ನೀನು ಸುತ್ತಿಗೆ ಕಾಲು ಸೆಕೆಂಡು ಉಳಿಸಿದ್ದು ಎಲ್ಲಿಗೆ ಬಂತು? ಹತ್ತು ಸುತ್ತಿನ ಮೊತ್ತ ಮಾತ್ರ ಬರೆ, ಗುದ್ದಿದ್ದೂ ಸೇರಿಸಿ.

ಹೊತ್ತನ್ನೂ ಬರೆ ಅಂದೆ. ಬೆಳಿಗ್ಗೆ ಏಳಕ್ಕೆ ತಣ್ಣಗಿದ್ದ ನೆಲ ಮಧ್ಯಾಹ್ನ ಬೇರೆಯೇ ನೆಲ. ರಬ್ಬರಿನ ಹಿಡಿತ ಬಿಸಿಗೆ ಬದಲಾಗುತ್ತದೆ. ಬೆಳಿಗ್ಗೆ ಒಂದು ಟೈರು, ಮಧ್ಯಾಹ್ನ ಇನ್ನೊಂದು ಟೈರು ಪರೀಕ್ಷೆ ಮಾಡಿ ಯಾವುದು ಮೇಲು ಅಂತ ತೀರ್ಮಾನ ಕೊಟ್ಟರೆ ಅದು ಟೈರಿನ ಪರೀಕ್ಷೆಯಲ್ಲ, ಹವಾಮಾನದ ವರದಿ. ಎರಡನ್ನೂ ಒಂದೇ ಗಂಟೆಯೊಳಗೆ ಹಾಕಿ, ಕಡೆಗೆ ಮೊದಲನೆಯದನ್ನೇ ಮತ್ತೊಮ್ಮೆ ಹಾಕಿ ನೋಡು. ಎರಡನೇ ಸಲವೂ ಅದೇ ಸಮಯ ಬಂದರೆ ನಂಬು.

ಇಷ್ಟಾದ ಮೇಲೆ ನಿನ್ನ ಪಟ್ಟಿಯನ್ನು ಹೀಗೆ ತಿದ್ದಿದ್ದೇನೆ. ಹಿಂದಕ್ಕೆ 20ರ ಟೈರು ಎರಡು ಜೊತೆ, ಮುಂದಕ್ಕೆ 30ರದು ಒಂದು, 40ರದು ಒಂದು. ಬೇರಿಂಗು ಒಂದು ಸೆಟ್ಟು. ಆರು, ಏಳು, ಎಂಟರ ಪಿನಿಯನ್. ಒಳ್ಳೆಯ ಸ್ಕ್ರೂ ಡ್ರೈವರ್ ಒಂದೇ ಒಂದು, ತುದಿ ಸವೆಯದಂಥದು. ಕಾರಿನ ಜೊತೆ ಬಂದದ್ದನ್ನು ಬಿಸಾಡು. ಕಾರ್ಬನ್ ಪಟ್ಟಿ, ಮೋಟಾರು, ತೋಳು, ಟೈಟಾನಿಯಂ ಎಲ್ಲ ಹೊಡೆದುಹಾಕಿದ್ದೇನೆ. ನೀಲಿ ನಟ್ಟು ಬಿಟ್ಟಿದ್ದೇನೆ. ಹದಿನೇಳು ವರ್ಷಕ್ಕೆ ನಾನೂ ಜಾವಾದ ಟ್ಯಾಂಕಿಗೆ ಏನೇನೋ ಅಂಟಿಸುತ್ತಿದ್ದೆ, ನಮ್ಮಪ್ಪ ಏನೂ ಅಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮೇಲಕ್ಕೆ ಬಾ. ವರ್ನಿಯರ್ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಗಾಜು, ನೋಟ್ ಪುಸ್ತಕ ನಿನ್ನದು. ನಿಮ್ಮಪ್ಪನ ಹಳೆಯ ಎಟಿಎಂ ಕಾರ್ಡು ನಾಲ್ಕು ಕೇಳಿ ತಾ, ನನ್ನ ಹತ್ತಿರ ಎರಡೇ ಇವೆ. ಅಜ್ಜಿಗೆ ಹೇಳಿ ಈ ವಾರ ನಡುಮನೆಗೆ ಪಾಲಿಷ್ ಹಚ್ಚದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.